ಪವನಯಂತ್ರದ ಅರ್ಜಿ

೨೦೨೨ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ನನಗೆ ಐವತ್ತಾರು ವರ್ಷ ಮೂರು ತಿಂಗಳು. ತಿಂಗಳನ್ನು ಬಿಟ್ಟು ಬರೆಯಬಹುದಿತ್ತು. ಆದರೆ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸಿದವನಿಗೆ 'ಸುಮಾರು' ಎಂಬ ಶಬ್ದವನ್ನು ಕಂಡರೆ ಆಗುವುದಿಲ್ಲ. ಗಡಿನಾಡಾದ ನಮ್ಮ ಕಾಸರಗೋಡಿನಲ್ಲಿ ಐವತ್ತಾರು ತುಂಬಿದ ಶಿಕ್ಷಕನನ್ನು ಸರಕಾರವು ಮನೆಗೆ ಕಳುಹಿಸುತ್ತದೆ. ಸಹೋದ್ಯೋಗಿಗಳು ಒಂದು ಗೋಡೆ ಗಡಿಯಾರವನ್ನು ಕೊಡುತ್ತಾರೆ, ಇನ್ನು ಮುಂದೆ ಗಂಟೆ ನೋಡುವ ಅಗತ್ಯವೇ ಇಲ್ಲದವನಿಗೆ. ನನ್ನ ಗಡಿಯಾರ ಗೋಡೆಗೇರಿತು. ಕೆಂಪು ಶಾಯಿಯ ಪೆನ್ನು ಮಾತ್ರ ಅಂಗಿಯ ಜೇಬಿನಲ್ಲಿಯೇ ಉಳಿಯಿತು. ತಿದ್ದಲು ಉತ್ತರಪತ್ರಿಕೆಗಳಿಲ್ಲದ ಕಾರಣ ಮದುವೆಯ ಕಾಗದಗಳನ್ನು ತಿದ್ದತೊಡಗಿದೆ. ಹೊಸಂಗಡಿಯಲ್ಲಿ ಬಸ್ಸಿಗೆ ಕಾಯುವಾಗ ಸೀಯಾಳದ ಗಾಡಿಯ ಹಲಗೆಯ ಮೇಲಿದ್ದ 'ಸಿಯಾಳ'ಕ್ಕೆ ದೀರ್ಘ ಎಳೆಯಲು ಹೋಗಿ, ಗಾಡಿಯವನಿಂದ "ಕುಡೀಲಿಕ್ಕೆ ಬಂದದ್ದಾ, ಓದ್ಲಿಕ್ಕಾ?" ಎಂದು ಕೇಳಿಸಿಕೊಂಡೆ.

ಇದೆಲ್ಲ ಈಗ ನೆನಪಾಗಲು ಒಂದು ಕಾಗದ ಕಾರಣ. ಮೊನ್ನೆ ನಿಘಂಟಿನಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ, ಪಕಾರದ ಪುಟಗಳ ನಡುವಿನಿಂದ ನಾಲ್ಕಾಗಿ ಮಡಚಿದ ಸರಕಾರಿ ಪತ್ರವೊಂದು ಜಾರಿ ಬಿತ್ತು. ಬಿಡಿಸಿ ಓದಿ ಒಬ್ಬನೇ ನಕ್ಕೆ. ಇದೇ ಪತ್ರವನ್ನು ಮೊದಲ ಸಲ ಓದಿದಾಗ ನನ್ನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅದನ್ನು ನಿಘಂಟಿನೊಳಗೆ ಅಡಗಿಸಿಟ್ಟವನೂ ನಾನೇ, ಸಂಜೀವಣ್ಣನ ಕಣ್ಣಿಗೆ ಬೀಳಬಾರದೆಂದು.

ಸಂಜೀವಣ್ಣ ಎಂದರೆ ಯಾರೆಂದು ಹೇಳಬೇಕು. ಕುಂಜತ್ತೂರಿನಲ್ಲಿ ಹೆದ್ದಾರಿಯಿಂದ ಪಡುವಣಕ್ಕೆ ಒಂದು ಸಣ್ಣ ಗುಡ್ಡೆಯಿದೆ. ಅದರ ನೆತ್ತಿಯಲ್ಲಿ ನಮ್ಮ ವಾಚನಾಲಯ. ನಾನು ಅದರ ಕಾರ್ಯದರ್ಶಿ. ಹತ್ತಿ ಬರಲು ಕೆಂಪುಕಲ್ಲಿನ ನಲವತ್ತಮೂರು ಮೆಟ್ಟಿಲುಗಳಿವೆ, ದೀಪವಿಲ್ಲ. ಗುಡ್ಡೆಯ ಬುಡದ ಮನೆಯೇ ಸಂಜೀವಣ್ಣನದು. ಆಗ ಅವರಿಗೆ ಎಪ್ಪತ್ತೊಂದು. ಇಪ್ಪತ್ತನಾಲ್ಕು ವರ್ಷ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಫಿಟ್ಟರ್ ಆಗಿದ್ದವರು. ಮನೆಮಾತು ತುಳು, ಹಡಗಿನಲ್ಲಿ ಕಲಿತದ್ದು ಇಂಗ್ಲಿಷು, ನನ್ನೊಡನೆ ಆಡುತ್ತಿದ್ದದ್ದು ಕನ್ನಡ. ಅವರ ಹೆಂಡತಿ ಗಿರಿಜಕ್ಕ ನಮ್ಮ ವಾಚನಾಲಯದ ಅತ್ಯಂತ ನಿಷ್ಠಾವಂತ ಓದುಗರು. ದಿನವೂ ಸಂಜೆ ಐದಕ್ಕೆ ಬಂದು, ಕಾದಂಬರಿಯೊಳಗೆ ಕೊಲೆಯೋ ಮದುವೆಯೋ ಒಂದು ತೀರ್ಮಾನವಾಗುವವರೆಗೆ ಏಳುತ್ತಿರಲಿಲ್ಲ. ಆಮೇಲೆ ಮಬ್ಬುಗತ್ತಲಲ್ಲಿ, ಎರಡು ಕೈಯಲ್ಲಿ ಎರಡು ಪುಸ್ತಕ, ಕಂಕುಳಲ್ಲಿ ಟಾರ್ಚು ಇರುಕಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಟಾರ್ಚಿನ ಬೆಳಕು ಮೆಟ್ಟಿಲೊಂದನ್ನು ಬಿಟ್ಟು ಆಕಾಶ, ತೆಂಗಿನ ಮಡಲು, ನನ್ನ ಮುಖ ಎಲ್ಲದರ ಮೇಲೂ ಬೀಳುತ್ತಿತ್ತು.

ಆ ಮೆಟ್ಟಿಲುಗಳಿಗೆ ಗಾಳಿಯಿಂದ ದೀಪ ಉರಿಸಬೇಕೆಂಬುದು ಸಂಜೀವಣ್ಣನ ಆಸೆ. ಹೆಂಡತಿಗಾಗಿ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಸ್ಕಾಟ್ಲೆಂಡಿನವರಿಗಾಗಿ ಎಂದು ಹೇಳಿದರು.

"ನಮ್ಮ ಚೀಫ್ ಎಂಜಿನಿಯರ್ ಸ್ಕಾಟ್ಲೆಂಡಿನವ, ಮಾಷ್ಟ್ರೇ. ಹಡಗಿನ ಎಂಜಿನ್ ಕೋಣೆ ಹೇಳಿದ್ರೆ ಅದು ಅವರ ಅಜ್ಜನ ಮನೆ. ಕೆಲಸ ಇಲ್ಲದಾಗ ಕತೆ ಹೇಳ್ತಿದ್ದ. ಅವರ ಊರಿನಲ್ಲಿ ಒಬ್ಬ ಮೇಷ್ಟ್ರು. ನಿಮ್ಮ ಹಾಗೆ ಬರೇ ಗೀಟು ಎಳೆಯುವ ಮೇಷ್ಟ್ರಲ್ಲ. ಗಾಳಿಗೆ ಬಟ್ಟೆಯ ಹಾಯಿ ಕಟ್ಟಿ, ಚಕ್ರ ತಿರುಗಿಸಿ, ಕರೆಂಟ್ ತೆಗೆದು ಮನೆಯಲ್ಲಿ ಲೈಟ್ ಉರಿಸಿದ."

ಸಂಜೀವಣ್ಣನ ಕತೆಗಳಲ್ಲಿ ತಿಮಿಂಗಿಲಗಳು ಸ್ವಲ್ಪ ದೊಡ್ಡವಾಗುವುದುಂಟು. ಆದ್ದರಿಂದ ನಾನು ಪುಸ್ತಕಗಳಲ್ಲಿ ಪರಿಶೀಲಿಸಿದೆ. ಕತೆ ನಿಜವಾಗಿತ್ತು. ಗ್ಲಾಸ್ಗೋದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಆ ಎಂಜಿನಿಯರು ಸಾವಿರದ ಎಂಟುನೂರ ಎಂಬತ್ತೇಳರಲ್ಲಿ, ತನ್ನ ಹುಟ್ಟೂರಿನ ರಜೆಯ ಮನೆಯ ತೋಟದಲ್ಲಿ ಅಂಥದೊಂದನ್ನು ನಿಲ್ಲಿಸಿ, ಬ್ಯಾಟರಿಗಳಲ್ಲಿ ವಿದ್ಯುತ್ತನ್ನು ತುಂಬಿಸಿ ಮನೆಯನ್ನು ಬೆಳಗಿದ್ದನು. ತನಗೆ ಸಾಕಾಗಿ ಮಿಕ್ಕದ್ದನ್ನು ಊರಬೀದಿಯ ದೀಪಗಳಿಗೆ ಕೊಡುತ್ತೇನೆಂದು ಊರವರಿಗೆ ಹೇಳಿದನು. ಊರವರು, ಇದು ಸೈತಾನನ ಕೆಲಸ, ನಮಗೆ ಬೇಡ ಎಂದರು! ಆತ ಬೇಸರಿಸಲಿಲ್ಲ. ಮುಂದೆ ಇನ್ನೂ ದೊಡ್ಡದೊಂದನ್ನು ಕಟ್ಟಿ ಮಾನಸಿಕ ಆಸ್ಪತ್ರೆಯೊಂದಕ್ಕೆ ಬೆಳಕು ಕೊಟ್ಟನು. ಬುದ್ಧಿ ಸರಿಯಿದ್ದವರು ಬೇಡವೆಂದ ಬೆಳಕು ಕೊನೆಗೆ ಎಲ್ಲಿಗೆ ಸಲ್ಲಿತೆಂಬುದನ್ನು ನೀವು ಗಮನಿಸಬೇಕು. ಅದಕ್ಕೂ ನೂರಹದಿನೈದು ವರ್ಷ ಮುಂಚೆ ಅದೇ ದೇಶದ ಇನ್ನೊಬ್ಬ, ಗಿರಣಿ ಕಟ್ಟುವವನು, ಗಾಳಿಗಿರಣಿಯ ರೆಕ್ಕೆಗಳಿಗೆ ಕಿಟಕಿಯಂತೆ ತಾನಾಗಿ ತೆರೆದುಕೊಳ್ಳುವ ಪಟ್ಟಿಗಳನ್ನು ಜೋಡಿಸಿದ್ದನಂತೆ, ಬಿರುಗಾಳಿ ಬಂದರೆ ರೆಕ್ಕೆ ಮುರಿಯದಿರಲೆಂದು. ಇದನ್ನು ಹೇಳಿದಾಗ ಸಂಜೀವಣ್ಣ ತಲೆದೂಗಿದರು.

"ಆ ಊರಿನಲ್ಲಿ ಚಳಿ, ಮಳೆ, ಗಾಳಿ ಬಿಟ್ರೆ ಬೇರೆ ಎಂತ ಉಂಟು ಮಾರಾಯ್ರೇ? ಇದ್ದದ್ದನ್ನು ದುಡಿಸಿದ್ರು. ಆದ್ರೆ ನೋಡಿ, ಅಲ್ಲಿಯ ಜನ ಬೇಡ ಹೇಳಿದ್ರು. ನಮ್ಮವರು ಹಾಗೆ ಹೇಳ್ಲಿಕ್ಕಿಲ್ಲ."

ನನಗೆ ಅಷ್ಟು ನಂಬಿಕೆಯಿರಲಿಲ್ಲ. ನನ್ನ ಬಾಲ್ಯದಲ್ಲಿ ಇದೇ ಗುಡ್ಡೆಗೆ ನಟ್ಟ ನಡುಮಧ್ಯಾಹ್ನ ಹೋಗಲು ಬಿಡುತ್ತಿರಲಿಲ್ಲ. "ಗಾಳಿ ಸೋಂಕುತ್ತದೆ" ಎನ್ನುತ್ತಿದ್ದಳು ಅಜ್ಜಿ. ಗಾಳಿ ಎಂದರೆ ಬೀಸುವ ಗಾಳಿಯೂ ಹೌದು, ಮೈಮೇಲೆ ಬರುವ ಗಾಳಿಯೂ ಹೌದು. ಒಂದೇ ಶಬ್ದ, ಎರಡು ಭಯ. ನಾವು ಮಕ್ಕಳು ಕದ್ದು ಹೋಗುತ್ತಿದ್ದೆವು. ತೆಂಗಿನ ಎಳೆಗರಿಯನ್ನು ಮಡಚಿ, ಹಿಡಿಸೂಡಿ ಪೊರಕೆಯ ಕಡ್ಡಿಗೆ ಸಿಕ್ಕಿಸಿ ಗಿರಗಿಟ್ಲೆ ಮಾಡಿಕೊಂಡು, ಕಡಲಿಗೆ ಮುಖ ಮಾಡಿ ಓಡುವುದು. ನನ್ನ ಗಿರಗಿಟ್ಲೆ ಯಾವಾಗಲೂ ಎಲ್ಲರದಕ್ಕಿಂತ ಅಚ್ಚುಕಟ್ಟಾಗಿರುತ್ತಿತ್ತು, ಯಾವಾಗಲೂ ತಿರುಗುತ್ತಿರಲಿಲ್ಲ. ಅಳತೆ ತಪ್ಪಬಾರದೆಂದು ನಾನು ಕಡ್ಡಿಯನ್ನು ಅಷ್ಟು ಬಿಗಿಯಾಗಿ ಸಿಕ್ಕಿಸುತ್ತಿದ್ದೆ.

ಸಂಜೀವಣ್ಣ ಆಟಿ ತಿಂಗಳ ಮಳೆಯ ನಡುವೆಯೇ ವಾಚನಾಲಯದ ಹಿಂದೆ ಕಬ್ಬಿಣದ ಕಂಬ ನೆಟ್ಟರು. ತಮ್ಮ ಅಂಗಳದಲ್ಲಿ ನೆಡುವಂತಿರಲಿಲ್ಲ. ಅಲ್ಲಿ ತೆಂಗುಗಳು ಗಾಳಿಯನ್ನೆಲ್ಲ ತಾವೇ ನುಂಗುತ್ತಿದ್ದವು. ಹಳೆಯ ಕಾರಿನ ಡೈನಮೋ, ಸೈಕಲ್ಲಿನ ಚೈನು, ಲಾರಿಯ ಬ್ಯಾಟರಿ, ಮತ್ತು ಹರಿದ ಮದುವೆ ಶಾಮಿಯಾನದಿಂದ ಕತ್ತರಿಸಿದ ನಾಲ್ಕು ಕೆಂಪು ಹಳದಿ ಪಟ್ಟೆಯ ಹಾಯಿಗಳು. ಅದು ತಿರುಗತೊಡಗಿದರೆ ಗುಡ್ಡೆಯ ಮೇಲೆ ಒಂದು ಮದುವೆಯೇ ಗಿರಗಿರನೆ ಸುತ್ತುತ್ತಿರುವಂತೆ ಕಾಣುತ್ತಿತ್ತು.

"ಊಟಕ್ಕೆ ಯಾವಾಗ ಬಡಿಸುವುದು?" ಎಂದು ಗಿರಿಜಕ್ಕ ಕೆಳಗಿನಿಂದ ಕೂಗಿದರು.

ಜಾಗ ಸಾರ್ವಜನಿಕವಾದ್ದರಿಂದ ಅನುಮತಿ ಬೇಕಿತ್ತು. ಅನುಮತಿ ಸಿಗದಿದ್ದರೆ ಇಳಿಸಬೇಕು. ಇಳಿಸಿದರೆ ಎಪ್ಪತ್ತೊಂದರ ಮೊಣಕಾಲುಗಳಲ್ಲಿ ಇನ್ನೊಮ್ಮೆ ಏರಿಸಲಾರೆ ಎಂದು ಸಂಜೀವಣ್ಣ ನನ್ನೊಬ್ಬನಿಗೆ ಹೇಳಿದ್ದರು. ಹೇಳಿ, ಹಾಯಿಯ ಕಡೆ ನೋಡಿ, "ಅರ್ಜಿ ನೀವೇ ಬರೀರಿ ಮಾಷ್ಟ್ರೇ. ನಿಮ್ಮ ಕನ್ನಡಕ್ಕೆ ಇಲ್ಲ ಹೇಳುವವರು ಯಾರುಂಟು?" ಎಂದರು.

ಇಲ್ಲಿಂದ ನನ್ನ ಅಪರಾಧ ಆರಂಭವಾಗುತ್ತದೆ.

"ಗಾಳಿಯಂತ್ರ ಹೇಳಿ ಬರೀರಿ, ಸಾಕು," ಎಂದರು ಸಂಜೀವಣ್ಣ.

"ಸಾಧ್ಯವಿಲ್ಲ," ಎಂದೆ. "'ಗಾಳಿ' ಕನ್ನಡ, 'ಯಂತ್ರ' ಸಂಸ್ಕೃತ. ಎರಡನ್ನು ಕೂಡಿಸಿದರೆ ಅರಿಸಮಾಸವಾಗುತ್ತದೆ. ಅರಿ ಎಂದರೆ ಶತ್ರು. ಶತ್ರುಗಳಿಬ್ಬರನ್ನು ಒಂದೇ ಚಾಪೆಯಲ್ಲಿ ಕೂರಿಸಿದ ಹಾಗೆ."

ಗಿರಿಜಕ್ಕ ಕಾದಂಬರಿಯಿಂದ ತಲೆಯೆತ್ತದೆ ಕೇಳಿದರು: "ಹಾಗಾದ್ರೆ ಮಳೆಗಾಲ ಹೇಳ್ಬಹುದಾ ಮಾಷ್ಟ್ರೇ? ಮಳೆ ನಮ್ಮದು, ಕಾಲ ಸಂಸ್ಕೃತದ್ದು."

ಇದಕ್ಕೆ ವ್ಯಾಕರಣದಲ್ಲಿ ಉತ್ತರವಿದೆ. ಸಮಸಂಸ್ಕೃತವೆಂಬ ಒಂದು ವರ್ಗವಿದೆ. ವಿವರಿಸಲು ಅರ್ಧ ಗಂಟೆ ಬೇಕು. ನಾನು ವಿವರಿಸಿದೆ. ಗಿರಿಜಕ್ಕ ಆ ಅರ್ಧ ಗಂಟೆಯಲ್ಲಿ ಒಂದು ಕೊಲೆಯನ್ನು ಓದಿ ಮುಗಿಸಿದರು.

ನಾನು ಎರಡು ದಿನ ಯೋಚಿಸಿ ಸಂಸ್ಕೃತಕ್ಕೆ ಸಂಸ್ಕೃತವನ್ನೇ ಜೋಡಿಸಿ, ನಿರ್ದೋಷವಾದ ಒಂದು ಶಬ್ದವನ್ನು ಸಿದ್ಧಗೊಳಿಸಿದೆ: ಪವನಯಂತ್ರ. ಪವನ ಎಂದರೆ ವಾಯು. ಷಷ್ಠೀ ತತ್ಪುರುಷ. 'ನಿಲ್ಲಿಸಲು' ಎಂಬ ಶಬ್ದ ಬಡಕಲಾಗಿ ಕಂಡಿತು. "ವಾಚನಾಲಯದ ಆವರಣದಲ್ಲಿ ಪವನಯಂತ್ರವೊಂದನ್ನು ಪ್ರತಿಷ್ಠಾಪಿಸಲು ಅನುಮತಿ ಕೋರಿ" ಎಂದು ವಿಷಯಸೂಚಿ ಬರೆದೆ. ಎರಡು ಪುಟದ ಅರ್ಜಿಯಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಅದರ ಪ್ರತಿಯನ್ನು ವಾಚನಾಲಯದ ನೋಟೀಸು ಹಲಗೆಗೂ ಅಂಟಿಸಿದೆ, ನಾಲ್ಕು ಜನ ಓದಿ ಕಲಿಯಲೆಂದು.

ನಾಲ್ಕು ಜನ ಓದಿದರು. ಎಂಟು ದಿನಗಳ ಬಳಿಕ ಬಸ್ಸಿನಲ್ಲಿ ಪಕ್ಕದ ಸೀಟಿನವರು ನನ್ನ ಕಿವಿಗೆ ಬಾಗಿದರು.

"ಮಾಷ್ಟ್ರೇ, ನಿಮ್ಮ ಲೈಬ್ರರಿಯಲ್ಲಿ ಪವನಿನ ಯಂತ್ರ ಇಡ್ತೀರಂತೆ. ಎಷ್ಟು ಪವನಿಂದು?"

ನಿಮ್ಮಲ್ಲಿ ಯಾರಾದರೂ ಕಾಸರಗೋಡಿನ ಹೊರಗಿನವರಿದ್ದರೆ ಇಲ್ಲೊಂದು ಮಾತು. ನಮ್ಮಲ್ಲಿ ಚಿನ್ನವನ್ನು ಪವನಿನಲ್ಲಿ ಹೇಳುತ್ತಾರೆ. ಒಂದು ಪವನಿನ ಬಳೆ, ಐದು ಪವನಿನ ಸರ. ಕನ್ನಡದವರು, ತುಳುವರು, ಮಲಯಾಳದವರು, ಬ್ಯಾರಿಗಳು, ಯಾರ ಬಾಯಲ್ಲೂ ಇದೇ ಶಬ್ದ. ಇನ್ನು ಯಂತ್ರವೆಂದರೆ ಎಂಜಿನ್ ಮಾತ್ರವಲ್ಲ, ತಗಡಿನ ಮೇಲೆ ಬೀಜಾಕ್ಷರ ಕೊರೆದು ಪೂಜಿಸುವುದೂ ಯಂತ್ರವೇ. ಅದನ್ನು ನಾನು 'ಪ್ರತಿಷ್ಠಾಪಿಸಲು' ಬೇರೆ ಹೊರಟಿದ್ದೆ. ಹುಟ್ಟಿದಂದಿನಿಂದ ಈ ಮಣ್ಣಿನಲ್ಲಿದ್ದು, ತಂಗಿಯ ಮದುವೆಗೆ ನಾನೇ ಪವನ್ ತೂಗಿಸಿ ತಂದವನು! ಆದರೆ ಪೆನ್ನು ಹಿಡಿದಾಗ ನನ್ನ ಕಿವಿ ಊರಿನಲ್ಲಿರಲಿಲ್ಲ, ನಿಘಂಟಿನಲ್ಲಿತ್ತು.

ಸುದ್ದಿ ಗುಡ್ಡೆಯಿಳಿದು ಗಡಿ ದಾಟಿತು. ವಾಚನಾಲಯದ ಓದುಗರ ಸಂಖ್ಯೆ ಒಮ್ಮೆಲೇ ಏರಿತು. ಪುಸ್ತಕವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಒಬ್ಬ ಹೆಂಗಸು ಬಳೆ ಬಿಚ್ಚಿ, "ಇದರ ಎದುರು ಒಂದು ಗಳಿಗೆ ಇಟ್ಟು ಕೊಡಿ ಮಾಷ್ಟ್ರೇ, ಒಂದಕ್ಕೆ ಎರಡಾಗ್ತದಂತೆ," ಎಂದರು. ಇನ್ನೊಬ್ಬರು ಅದು ದುಷ್ಟಶಕ್ತಿಯ ಕೆಲಸವೆಂದೂ, ಮಕ್ಕಳನ್ನು ಇನ್ನು ವಾಚನಾಲಯಕ್ಕೆ ಕಳುಹಿಸುವುದಿಲ್ಲವೆಂದೂ ಮೆಟ್ಟಿಲ ಬುಡದಲ್ಲಿ ನಿಂತೇ ಹೇಳಿ ಹೋದರು. ಮೇಲೆ ಮಾತ್ರ ಶಾಮಿಯಾನದ ಹಾಯಿಗಳು ಯಾರಿಗೂ ಕೇಡು ಬಯಸದೆ ತಿರುಗುತ್ತಿದ್ದವು.

ಆಮೇಲೆ ಪತ್ರ ಬಂತು. "ತಮ್ಮ ಅರ್ಜಿಯಲ್ಲಿ ಕಾಣಿಸಿದ ಚಿನ್ನದ ಯಂತ್ರವನ್ನು ಸಾರ್ವಜನಿಕ ಸ್ಥಳದಲ್ಲಿ ಪ್ರತಿಷ್ಠಾಪಿಸಲು ಅನುಮತಿ ನೀಡಲು ನಿರ್ವಾಹವಿಲ್ಲ. ಈಗಾಗಲೇ ಪ್ರತಿಷ್ಠಾಪಿಸಿದ್ದಲ್ಲಿ ಹದಿನೈದು ದಿನಗಳೊಳಗೆ ತೆರವುಗೊಳಿಸತಕ್ಕದ್ದು." 'ನಿರ್ವಾಹವಿಲ್ಲ' ಎಂಬುದು ಮಲಯಾಳದ ವಾಕ್ಯರೀತಿ ಎಂದು ನನ್ನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. ಆಮೇಲಷ್ಟೇ ಅರ್ಥ ತಲೆಗಿಳಿಯಿತು. ಹದಿನೈದು ದಿನ! ಸಂಜೀವಣ್ಣನ ಕಂಬ!

ಯಾವ ಕಚೇರಿಯೆಂದು ನಾನು ಹೇಳುವುದಿಲ್ಲ. ಅವರು ನನ್ನ ಬರಹವನ್ನು ಬರೆದಂತೆಯೇ ಓದಿದ್ದರು. ಅಷ್ಟು ಸೂಕ್ಷ್ಮವಾಗಿ ಓದಿದ ವಿದ್ಯಾರ್ಥಿ ನನಗೆ ಮೂವತ್ತೊಂದು ವರ್ಷಗಳಲ್ಲಿ ಸಿಕ್ಕಿರಲಿಲ್ಲ. ಪತ್ರವನ್ನು ನಿಘಂಟಿನಲ್ಲಿ ಅಡಗಿಸಿ ಮರುದಿನ ಕಚೇರಿಗೆ ಓಡಿದೆ. ಕನ್ನಡದ ಅರ್ಜಿಗಳನ್ನು ನೋಡಿಕೊಳ್ಳುವ ಮೇಜಿನ ಹಿಂದೆ ಸೌಮ್ಯ ಕುಳಿತಿದ್ದಳು, ನನ್ನದೇ ಹಳೆಯ ವಿದ್ಯಾರ್ಥಿನಿ.

"ಸರ್, ನಾನು ರಜೆಯಲ್ಲಿದ್ದೆ. ಬೇರೆಯವರು ಮಲಯಾಳಕ್ಕೆ ತರ್ಜುಮೆ ಮಾಡಿದ್ದು," ಎಂದು ಅವಳು ನಗು ತಡೆಯುತ್ತ ಹೇಳಿದಳು. "ಆದ್ರೆ ನಾನಿದ್ರೂ ಅದನ್ನೇ ಮಾಡ್ತಿದ್ದೆ ಕಾಣ್ತದೆ. ಗಾಳಿಯಂತ್ರ ಹೇಳಿ ಬರೀಬಾರದಿತ್ತಾ?"

"ಅರಿಸಮಾಸ," ಎಂದೆ, ಸಣ್ಣ ಸ್ವರದಲ್ಲಿ.

"ಗೊತ್ತುಂಟು ಸರ್. ಒಂಬತ್ತನೇ ಕ್ಲಾಸಲ್ಲಿ ಅದಕ್ಕೆ ನೀವು ನನ್ನಿಂದ ಐವತ್ತು ಸರ್ತಿ ಬರೆಸಿದ್ದೀರಿ." ಅವಳು ಕಡತವನ್ನು ಮೇಜಿನೊಳಗೆ ಸರಿಸಿದಳು. "ಹೊಸ ಅರ್ಜಿ ಕೊಡಿ. ಅಷ್ಟರವರೆಗೆ ಕಂಬ ಇಳಿಸುವ ಮಾತು ಯಾರೂ ಎತ್ತದ ಹಾಗೆ ನೋಡ್ತೇನೆ."

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಗಾಳಿಯಂತ್ರ ಎಂದು ಬರೆಯುವುದರಿಂದ ತಪ್ಪಿಸಿಕೊಳ್ಳಲು ಎರಡನೆಯ ಅರ್ಜಿಯನ್ನು ಮಲಯಾಳದಲ್ಲಿಯೇ ಕೊಡುವುದೆಂದು ನಿಶ್ಚಯಿಸಿದೆ. ನಿವೃತ್ತ ಮಲಯಾಳ ಮೇಷ್ಟ್ರೊಬ್ಬರು ಬರೆದುಕೊಟ್ಟರು: 'ಕಾಟ್ಟಾಡಿ' ವೆಕ್ಕಲು, ಅಂದರೆ ಇಡಲು, ಅನುಮತಿ ಬೇಕು. ಮಲಯಾಳದಲ್ಲಿ ಕಾಟ್ಟಾಡಿ ಎಂದರೆ ಗಾಳಿಗೆ ತಿರುಗುವ ಚಕ್ರ. ಸರಿಯೇ. ಆದರೆ ಕಡಲ ತಡಿಯ ಗಾಳಿಮರಕ್ಕೂ ಅವರು ಕಾಟ್ಟಾಡಿ ಎಂದೇ ಹೇಳುತ್ತಾರೆ, ಗಿಡ ನೆಡುವುದಕ್ಕೂ ವೆಕ್ಕುವುದೆಂದೇ ಹೇಳುತ್ತಾರೆ. ಕಾಗದವು ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತೋ ತಿಳಿಯದು. ದಶಂಬರದ ಒಂದು ಬೆಳಗ್ಗೆ ಗುಡ್ಡೆಯ ಬುಡದಲ್ಲಿ ಜೀಪು ನಿಂತಿತು, ಇಪ್ಪತ್ತು ಗಾಳಿಮರದ ಸಸಿಗಳು ಇಳಿದವು. ಪರಿಸರದ ಮೇಲಿನ ನಮ್ಮ ಕಾಳಜಿಗೆ ಅಭಿನಂದನೆಯೂ ಇತ್ತು.

ಸಂಜೀವಣ್ಣ ಸಸಿಗಳನ್ನು ನೋಡಿದರು. ನನ್ನನ್ನು ನೋಡಿದರು.

"ಮಾಷ್ಟ್ರೇ, ಇದನ್ನು ನೆಟ್ರೆ ಐದು ವರ್ಷದಲ್ಲಿ ನನ್ನ ಗಾಳಿಗೆ ಅಡ್ಡ ಗೋಡೆ ಆಗ್ತದೆ. ಗೊತ್ತುಂಟಾ?"

ಆಗ ಎಲ್ಲವನ್ನೂ ಒಪ್ಪಿಕೊಂಡೆ: ಮೊದಲ ಪತ್ರ, ಹದಿನೈದು ದಿನ, ನಿಘಂಟು. ಅವರು ಬೈಯುತ್ತಾರೆಂದು ಕಾದೆ. ಅವರು ಮೆಟ್ಟಿಲ ಮೇಲೆ ಕುಳಿತು, ಮೊಣಕಾಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಅವನಿಗೆ ಸೈತಾನ ಹೇಳಿದ್ರು. ನನಗೆ ಚಿನ್ನ ಹೇಳಿದ್ರು. ಒಟ್ಟಿನಲ್ಲಿ ನಾವು ಒಂದು ಮೆಟ್ಟಿಲು ಮೇಲೆಯೇ, ಮಾಷ್ಟ್ರೇ!"

ಗಿರಿಜಕ್ಕ ನಗಲಿಲ್ಲ. "ಇವರಿಗೆ ಬರೀಲಿಕ್ಕೆ ಕೊಟ್ಟದ್ದೇ ತಪ್ಪು. ನಿಮಗೆ ಕೈ ಇಲ್ವಾ? ನಿಮ್ಮ ಯಂತ್ರ, ನೀವೇ ಬರೀರಿ," ಎಂದು ಗಂಡನ ಕೈಗೆ ನನ್ನೆದುರಿಗೇ ಗೆರೆ ಹಾಳೆ ಕೊಟ್ಟರು. ಸಸಿಗಳನ್ನು ಮೂಡಣ ಬದಿಯ ತಗ್ಗಿಗೆ ಒಯ್ದು ನೆಡುವ ಶಿಕ್ಷೆ ನನಗಾಯಿತು.

ಮೂರನೆಯ ಅರ್ಜಿಯನ್ನು ಸಂಜೀವಣ್ಣ ಬರೆದರು. "ಲೈಬ್ರರಿ ಹಿಂದೆ ನಾನು ಒಂದು ಗಾಳಿಯಂತ್ರ ಹಾಕಿದ್ದೆನೆ. ಗಾಳಿಗೆ ತಿರುಗುತದೆ. ಕರೆಂಟು ಬ್ಯಾಟರಿಗೆ ಹೊಗುತದೆ. ನಲವತ್ತಮೂರು ಮೆಟಿಲಿಗೆ ಲೈಟು ಉರಿಯುತದೆ. ಎಲ್ಲರು ಬೀಳದೆ ಇಳಿಯಬಹುದು. ದಯ ಮಾಡಿ ಬಂದು ನೋಡಿ." ಅರ್ಜಿ ಅಷ್ಟೇ. ಕಾರ್ಯದರ್ಶಿಯ ಸಹಿಗೆಂದು ಅದು ನನ್ನ ಮುಂದೆ ಬಂತು. ಒಂದು ಅರಿಸಮಾಸ, ನಾಲ್ಕು ಅನ್ಯದೇಶ್ಯ, ದೀರ್ಘ ನಾಲ್ಕು ಕಡೆ ಇಲ್ಲ, ಒತ್ತಕ್ಷರ ನಾಲ್ಕು ಕಡೆ ಇಲ್ಲ. ಕೆಂಪು ಪೆನ್ನು ನನ್ನ ಬೆರಳಿನಲ್ಲಿತ್ತು. ಎದುರಿಗೆ ಗಂಡಹೆಂಡಿರು ನಿಂತಿದ್ದರು. ಗಿರಿಜಕ್ಕ ಪೆನ್ನಿನ ತುದಿಯನ್ನೇ ದಿಟ್ಟಿಸುತ್ತಿದ್ದರು. ಓದುತ್ತ ಹೋದಂತೆ ನನಗೊಂದು ವಿಚಿತ್ರ ಅನುಭವವಾಯಿತು: ನಾನು ಎರಡು ಪುಟದಲ್ಲಿ ಹೇಳಲಾರದ್ದು ಇಲ್ಲಿ ಆರು ಸಾಲಿನಲ್ಲಿ, ದೀಪದ ಸಮೇತ ಕಾಣುತ್ತಿತ್ತು. ಕೆಂಪನ್ನು ಜೇಬಿಗೆ ಹಾಕಿ, ಸಂಜೀವಣ್ಣನ ನೀಲಿ ಪೆನ್ನನ್ನು ಕೇಳಿ ಪಡೆದು ಸಹಿ ಹಾಕಿದೆ.

ಬಂದು ನೋಡಿ ಎಂದದ್ದಕ್ಕೆ ಅವರು ನಿಜವಾಗಿಯೂ ಬಂದರು, ಒಬ್ಬ ಓವರ್‌ಸಿಯರ್ ಮತ್ತು ಸೌಮ್ಯ. ಮಾರ್ಚ್ ತಿಂಗಳ ಮಧ್ಯಾಹ್ನ, ಎರಡು ಗಂಟೆ. ಅಂದು ಗಾಳಿಯೇ ಇಲ್ಲ! ಹಾಯಿಗಳು ಒಗೆದು ಹಾಕಿದ ಬಟ್ಟೆಯಂತೆ ಜೋತುಬಿದ್ದಿದ್ದವು. ತೆಂಕಣ ಮಲಯಾಳ ಜಿಲ್ಲೆಯವರಾದ ಓವರ್‌ಸಿಯರ್ ಕಂಬಕ್ಕೆ ಒಂದು ಸುತ್ತು ಬಂದು, ಬೆವರು ಒರೆಸಿ, "ಎಂದಾ ಮಾಷೇ, ಇದು ತಿರುಗುವುದಾ?" ಎಂದು, 'ಏನು ಮೇಷ್ಟ್ರೇ' ಎಂಬುದನ್ನು ಮಲಯಾಳದಲ್ಲಿಯೂ ಉಳಿದದ್ದನ್ನು ಕನ್ನಡದಲ್ಲಿಯೂ ಬೆರೆಸಿ ನನ್ನನ್ನೇ ಕೇಳಿದರು. ನಾನು ಸಂಜೀವಣ್ಣನನ್ನು ನೋಡಿದೆ. ಅವರ ಮುಖದಲ್ಲಿ ಅಲುಗಾಟವಿರಲಿಲ್ಲ. ಬೆರಳು ಮಾತ್ರ ಚೈನಿನ ಎಣ್ಣೆಯನ್ನು ಸುಮ್ಮಸುಮ್ಮನೆ ಒರೆಸುತ್ತಿತ್ತು.

"ಮೂರು ಗಂಟೆಗೆ ಪಡುಗಾಳಿ ಬರ್ತದೆ," ಎಂದರು.

"ಬರದಿದ್ದರೆ?"

"ಕಡಲು ಎಲ್ಲಿಗೆ ಹೋಗ್ತದೆ ಸಾರ್?"

ಗಿರಿಜಕ್ಕ ಗೋಳಿಬಜೆ, ಚಹಾ ತಂದರು. ಓವರ್‌ಸಿಯರ್ ನಾಲ್ಕು ಗೋಳಿಬಜೆ ತಿಂದರು. ಮೂರು ಗಂಟೆಯಾಯಿತು, ಗಾಳಿಯಿಲ್ಲ. ಅವರು ಗಡಿಯಾರ ನೋಡಿದರು. ಗಿರಿಜಕ್ಕ ಇನ್ನೆರಡು ಬಡಿಸಿದರು. "ಇವರು ಹಡಗಿನಿಂದ ಬರ್ತೇನೆ ಹೇಳಿದ ದಿನ ಯಾವತ್ತೂ ಬಂದವರಲ್ಲ ಸಾರ್. ಆದ್ರೆ ಬಾರದೆ ಇರ್ಲಿಲ್ಲ. ಕೂತ್ಕೊಳ್ಳಿ," ಎಂದರು. ಮೂರೂ ಇಪ್ಪತ್ತಕ್ಕೆ ನನ್ನ ಕೈಯಲ್ಲಿದ್ದ ಅರ್ಜಿಯ ಹಾಳೆಯ ಮೂಲೆ ಎದ್ದಿತು. ಮತ್ತೆ ಬಿತ್ತು. ಮತ್ತೆ ಎದ್ದಿತು. ಮೇಲೆ ಒಂದು ಕೆಂಪು ಪಟ್ಟೆ ಉಬ್ಬಿತು, ಹಳದಿ ಅದರ ಹಿಂದೆ ಬಂತು, ಚೈನು ಕಟಕಟನೆ ಹಲ್ಲು ಕಡಿಯಿತು. ಒಂದು ನಿಮಿಷದಲ್ಲಿ ಗುಡ್ಡೆಯ ನೆತ್ತಿಯ ಮೇಲೆ ಮದುವೆ ಮತ್ತೆ ಶುರು! ಸಂಜೀವಣ್ಣ ಗುಂಡಿ ಒತ್ತಿದರು. ಹಗಲ ಬಿಸಿಲಿನಲ್ಲಿ ಬಲ್ಬು ಬೆಳಗುತ್ತಿದೆಯೋ ಇಲ್ಲವೋ ಎಂದು ಓವರ್‌ಸಿಯರ್ ಅಂಗೈಯನ್ನು ಅದರ ಸುತ್ತ ಮರೆ ಹಿಡಿದು ಬಗ್ಗಿ ನೋಡಿದರು. ತಲೆಯೆತ್ತುವಾಗ ಅವರು ಸರಕಾರಿ ಮನುಷ್ಯನಂತೆ ಕಾಣುತ್ತಿರಲಿಲ್ಲ. ಇನ್ನೊಮ್ಮೆ ನೋಡಬಹುದೇ ಎಂದು ಕೇಳಿದರು.

"ಸರ್, ರಿಜಿಸ್ಟರಿನಲ್ಲಿ ಕನ್ನಡದಲ್ಲಿ ಹೆಸರೆಂತ ಹಾಕಲಿ?" ಎಂದು ಸೌಮ್ಯ ನನ್ನ ಕಡೆ ತಿರುಗಿದಳು.

"ಸಂಜೀವಣ್ಣ ಬರೆದದ್ದನ್ನೇ," ಎಂದೆ. ಐವತ್ತು ಸರ್ತಿ ಬರೆಸಿದ್ದಕ್ಕೆ ಕ್ಷಮೆಯನ್ನೂ ಕೇಳಬೇಕೆಂದಿದ್ದೆ. ಅವಳು ಆಗಲೇ ಬರೆಯತೊಡಗಿದ್ದಳು, ಒಂದೂ ತಪ್ಪಿಲ್ಲದೆ.

ಅನುಮತಿ ಪತ್ರ ಹತ್ತು ದಿನಗಳಲ್ಲಿ ಬಂತು. ಅಂದು ಸಂಜೆ ಕಡಲಿಗೆ ಸೂರ್ಯ ಇಳಿಯುವುದನ್ನು ಕಾದು ಸಂಜೀವಣ್ಣ ಗುಂಡಿ ಒತ್ತಿದರು. ಮೆಟ್ಟಿಲುಗಳ ಉದ್ದಕ್ಕೂ ಏಳು ಸಣ್ಣ ದೀಪಗಳು. ಎಲ್ಲರಿಗಿಂತ ಮೊದಲು ಇಳಿಯಬೇಕಾದವರು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಗಿರಿಜಕ್ಕ ಎರಡು ಕೈಯಲ್ಲಿ ಎರಡು ಪುಸ್ತಕ ಹಿಡಿದು ಸಾವಕಾಶವಾಗಿ ಇಳಿದರು. ನಡುವೆ ಒಂದು ಕಡೆ ನಿಂತು ಮೇಲಕ್ಕೆ ತಿರುಗಿದರು.

"ಹೋಯ್, ಈ ಹದಿನೇಳನೇ ಮೆಟ್ಟಿಲು ಒಡೆದಿದೆ! ಇಷ್ಟು ವರ್ಷ ಯಾರಿಗೂ ಕಾಣ್ಲಿಲ್ವಾ?"

"ಈಗ ಕಂಡಿತಲ್ಲ," ಎಂದರು ಸಂಜೀವಣ್ಣ. ಗಿರಿಜಕ್ಕ ಒಡೆದ ಮೆಟ್ಟಿಲನ್ನು ಜಾಗ್ರತೆಯಾಗಿ ದಾಟಿ, ಉಳಿದವುಗಳನ್ನು ಗಟ್ಟಿಯಾಗಿ ಎಣಿಸುತ್ತ ಇಳಿದು, ನಲವತ್ತಮೂರರಲ್ಲಿ ನಿಂತು ಕೈಯ ಪುಸ್ತಕವನ್ನು ಮೇಲೆತ್ತಿ ತೋರಿಸಿದರು. ಆ ದಿನ ೨೦೨೩ನೆಯ ಇಸವಿಯ ಮಾರ್ಚ್ ಹದಿನೇಳು, ಶುಕ್ರವಾರ.